ಎರಡೆಕರೆ ಹೊಲ, ನಾಲ್ಕು ಹಕ್ಕುದಾರರು: ಮೊದಲು ತೀರಬೇಕಾದ್ದು ಯಾವುದು?

ಕೇಸಿನ ದಿನ ಉಪವಿಭಾಗಾಧಿಕಾರಿಗಳ ಕಚೇರಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಮೊದಲ ಬಸ್ಸಿಗೇ ಹೊರಟು ಬಂದವರು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮಡಿಕೆ ಮಡಿಕೆಗೂ ಹರಿದ ಸಾಗುವಳಿ ಚೀಟಿ. ಹೆಸರು ಕೂಗುತ್ತಾರೆ, ಒಳಗೆ ಹೋಗುತ್ತಾರೆ, ಐದು ನಿಮಿಷದಲ್ಲಿ ಹೊರಗೆ. ‘ಏನಾಯ್ತು ಯಜಮಾನ್ರೇ?’ ಅಂದರೆ ಒಂದೇ ಉತ್ತರ: ‘ವಾಯ್ದೆ ಹಾಕವ್ರೆ ಕಣಪ್ಪ.’

ಇವು ಜನ ‘ಪಿಟಿಸಿಎಲ್ ಕೇಸು’ ಎನ್ನುವ ತಕರಾರುಗಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮುರಿದು ಪರಭಾರೆಯಾಗಿದ್ದರೆ, ಅದನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ವಾಪಸು ಕೊಡಿಸಬೇಕು ಎನ್ನುವ 1978ರ ಕಾಯಿದೆ ಇದು. ಜಾರಿಗೆ ಬಂದದ್ದು 1979ರ ಜನವರಿ 1ರಂದು. ಸುಪ್ರೀಂ ಕೋರ್ಟು 1984ರಲ್ಲೇ ಕಾಯಿದೆ ಸರಿ ಎಂದು ಎತ್ತಿಹಿಡಿಯಿತು. ಹಾಗಾದರೆ ಹೊಲ ಸಿಗಲು ಇಷ್ಟು ವರ್ಷ ಯಾಕೆ?

ಒಂದು ಹೊಲದ ಲೆಕ್ಕ

ಲೆಕ್ಕಕ್ಕೆಂದು ಒಂದು ಹೊಲ ಇಟ್ಟುಕೊಳ್ಳಿ. ಎರಡೆಕರೆ. ಹದಿನೈದು ವರ್ಷ ಮಾರಬಾರದು ಎಂಬ ಷರತ್ತಿನ ಮೇಲೆ 1970ರಲ್ಲಿ ಮಂಜೂರಾಯಿತು. ಮಗಳ ಮದುವೆ ಸಾಲಕ್ಕೆ 1976ರಲ್ಲಿ ಊರ ಸಾಹುಕಾರನಿಗೆ ಕ್ರಯವಾಯಿತು. ಸಾಹುಕಾರ ಪೇಟೆಯ ಅಂಗಡಿಯವರೊಬ್ಬರಿಗೆ ಮಾರಿದ. ಈಗ ಕೇಳುವವರು ನಾಲ್ವರು. ಮಂಜೂರಾತಿದಾರನ ಮೊದಲ ಹೆಂಡತಿಯ ಮೊಮ್ಮಗ. ಎರಡನೆಯವಳ ಮಗಳು. ‘ದುಡ್ಡು ಕೊಟ್ಟು ತಗೊಂಡಿದೀನಿ’ ಎನ್ನುವ ಅಂಗಡಿಯವರು. ಇನ್ನೊಬ್ಬ, ‘ಅದು ಮಂಜೂರಾತಿ ಜಮೀನೇ ಅಲ್ಲ, ನಮ್ಮ ತಾತನ ತೋಟಿ ಇನಾಮು’ ಎನ್ನುವವ.

ಇಲ್ಲೇ ಪ್ರಾಥಮಿಕ ವಿವಾದಾಂಶ ಏಳುವುದು. ವಂಶಪಾರಂಪರ್ಯ ಹುದ್ದೆಗೆ ಸೇರಿದ ಜಮೀನು ಈ ಕಾಯಿದೆಯ ವ್ಯಾಖ್ಯೆಗೆ ಬರುವುದಿಲ್ಲ. ಇದು ತೋಟಿ ಇನಾಮೇ ಎಂದಾದರೆ ಎಸಿ ಸಾಹೇಬರಿಗೆ ಕೇಸು ನಡೆಸುವ ಅಧಿಕಾರವೇ ಇಲ್ಲ. ಆದ್ದರಿಂದ ಎದುರು ವಕೀಲರು ಹೇಳುತ್ತಾರೆ, ‘ಸ್ವಾಮಿ, ಮೊದಲು ಇದೊಂದನ್ನು ಬೇರೆಯಾಗಿ ತೀರ್ಮಾನಿಸಿ. ಬಾಗಿಲೇ ಇಲ್ಲದ ಮನೆಗೆ ಬೀಗ ಯಾಕೆ?’

ಮಾತಿನಲ್ಲಿ ನ್ಯಾಯವಿದೆ. ಹಳೇ ಮಂಜೂರಾತಿ ಕಡತ ತರಿಸಿ ನೋಡಿದರೆ ಒಂದೇ ವಾಯಿದೆಯಲ್ಲಿ ಗೊತ್ತಾಗುವ ವಿಷಯಕ್ಕೆ ನಾಲ್ಕು ಕಡೆಯ ಸಾಕ್ಷಿಗಳನ್ನು ಅಲೆಸುವುದು ಯಾರಿಗೂ ಲಾಭವಲ್ಲ.

ಮೆಟ್ಟಿಲು ಹತ್ತಿ ಇಳಿಯುವುದು

ಆದರೆ ಆಮೇಲಿನ ಕತೆ ನೋಡಿ. ‘ಮಂಜೂರಾತಿ ಜಮೀನು ಹೌದು’ ಎಂದು ಆದೇಶವಾಯಿತು ಅನ್ನಿ. ಸೋತವರು ಜಿಲ್ಲಾಧಿಕಾರಿಗಳ ಹತ್ತಿರ ಹೋಗುತ್ತಾರೆ. ಅಲ್ಲಿಂದ ಹೈಕೋರ್ಟು. ತಡೆಯಾಜ್ಞೆ. ವರ್ಷಗಳಾದ ಮೇಲೆ ಕಡತ ಇಳಿದು ಬರುತ್ತದೆ. ಆಗ ಎರಡನೇ ಪ್ರಶ್ನೆ: ‘ಅರ್ಜಿದಾರ ವಾರಸುದಾರನೇ?’ ಮತ್ತೆ ಅದೇ ಮೆಟ್ಟಿಲು. ಹೊಲ ಮಾತ್ರ ಇದ್ದಲ್ಲೇ, ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ.

ಈ ರೋಗ ಹೊಸದಲ್ಲ. 1969ರಲ್ಲಿ ಕೆಲಸ ಕಳೆದುಕೊಂಡ ನೌಕರನೊಬ್ಬ ‘ನೀನು ಕಾರ್ಮಿಕ ಹೌದೋ ಅಲ್ಲವೋ’ ಎಂಬ ಮೊದಲ ಪ್ರಶ್ನೆಯಲ್ಲೇ ಸುತ್ತಿ ಸುತ್ತಿ 1983ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿದ್ದ. ನ್ಯಾಯಮಂಡಳಿಗಳು ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೇ ತೀರಿಸುವುದು ಮೇಲು ಎಂದು ಕೋರ್ಟು ಆಗ ಹೇಳಿತು. ಸಿವಿಲ್ ಪ್ರಕ್ರಿಯಾ ಸಂಹಿತೆಗೂ 1976ರಲ್ಲೇ ತಿದ್ದುಪಡಿಯಾಗಿದೆ: ಎಲ್ಲ ವಿವಾದಾಂಶಕ್ಕೂ ತೀರ್ಪು ಕೊಡಬೇಕು, ಅಧಿಕಾರವ್ಯಾಪ್ತಿ ಅಥವಾ ಕಾನೂನಿನ ನಿರ್ಬಂಧದ ಪ್ರಶ್ನೆ, ಅದೂ ಬರೀ ಕಾನೂನಿನದ್ದಾದರೆ ಮಾತ್ರ, ಮೊದಲು ಎತ್ತಿಕೊಳ್ಳಬಹುದು. ಎಸಿ ಕಚೇರಿ ಸಿವಿಲ್ ಕೋರ್ಟಲ್ಲ, ನಿಜ. ಅಳತೆಗೋಲು ಮಾತ್ರ ಇಲ್ಲಿಗೂ ಹೊಂದುತ್ತದೆ.

ಜರಡಿ ಹಿಡಿದರೆ ಹೀಗೆ. ಕಡತ ನೋಡಿದರೆ ತೀರುವ ಪ್ರಶ್ನೆ, ಉದಾಹರಣೆಗೆ ಇದೇ ಹೊಲದ ಮೇಲೆ ಹಿಂದೆ ಅಂತಿಮ ಆದೇಶ ಆಗಿದೆಯೇ ಎಂಬುದು, ಮೊದಲೇ ತೀರಲಿ. ಸಾಕ್ಷಿ ಬೇಕಾದ್ದು ಒಟ್ಟಿಗೇ ನಡೆಯಲಿ. 1979ಕ್ಕೆ ಮುಂಚೆಯೇ ದೀರ್ಘ ಅನುಭವದಿಂದ ಹಕ್ಕು ಪಕ್ಕಾ ಆಗಿತ್ತು ಎನ್ನುವ ವಾದಕ್ಕೆ ಸಾಕ್ಷಿ ಬೇಕು. ವಂಶವೃಕ್ಷಕ್ಕೂ ಬೇಕು. ವಾರಸುದಾರರೊಳಗಿನ ಪಾಲಿನ ಜಗಳಕ್ಕೆ ಸಿವಿಲ್ ಕೋರ್ಟಿದೆ. ಅದಕ್ಕಾಗಿ ಹೊಲ ಬಿಡಿಸುವ ಕೆಲಸ ನಿಲ್ಲಬೇಕಾಗಿಲ್ಲ.

ತಡದ ತಕರಾರು

ಎಲ್ಲಕ್ಕಿಂತ ಹೆಚ್ಚು ಅರ್ಜಿ ನುಂಗಿದ ಪ್ರಾಥಮಿಕ ಪ್ರಶ್ನೆ ‘ತಡ ಮಾಡಿ ಬಂದಿದ್ದೀರಿ’ ಎಂಬುದು. ಕಾಯಿದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ಸೂಕ್ತ ಕಾಲದೊಳಗೆ ಬರಬೇಕು ಎಂದಿತು. ಆಮೇಲೆ ಹೊಲದ ವಿಷಯಕ್ಕೇ ಬಾರದೆ ಎಷ್ಟೋ ಅರ್ಜಿಗಳು ಬಾಗಿಲಲ್ಲೇ ಬಿದ್ದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಕಾಲಮಿತಿ ಇಲ್ಲ, ಬಾಕಿ ಕೇಸುಗಳಿಗೂ ಇದು ಅನ್ವಯ ಎಂದಿತು. ಹಾಗಿದ್ದೂ ಅತಿಯಾದ ವಿಳಂಬದ ವಾದ ಹೈಕೋರ್ಟಿನಲ್ಲಿ ಪೂರ್ತಿ ಸತ್ತಿಲ್ಲ.

ಪೇಟೆಯವರೂ ಇದನ್ನು ‘ನಮಗೇನು’ ಎಂದು ಬಿಡುವಂತಿಲ್ಲ. ಅಂಗಡಿ ಲಾಭ ಕೂಡಿಸಿ ಊರಾಚೆ ಜಮೀನು ಕೊಳ್ಳುವವರು ಪಹಣಿ ಒಂದನ್ನೇ ನೋಡಿ ಅಡ್ವಾನ್ಸ್ ಕೊಟ್ಟರೆ ಕೆಟ್ಟರು. ಮೂಲ ಮಂಜೂರಾತಿ ಕಡತದ ದೃಢೀಕೃತ ನಕಲು ನೋಡಬೇಕು. ಮಂಜೂರಾತಿ ಜಮೀನಾದರೆ, 1979ರಿಂದೀಚೆಗೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಕೊಟ್ಟ ಹಣ ವಾಪಸು ಕೊಡಿಸುವ ಮಾತು ಈ ಕಾಯಿದೆಯಲ್ಲಿಲ್ಲ.

ಅರ್ಜಿ ಹಾಕುವವರಿಗೂ ಅದೇ ಕಿವಿಮಾತು. ಮಂಜೂರಾತಿ ನಕಲು, ಷರತ್ತಿನ ವಿವರ, ಕ್ರಯಪತ್ರದ ನಕಲು, ವಂಶವೃಕ್ಷ, ನಾಲ್ಕನ್ನೂ ಮೊದಲ ದಿನವೇ ಕಟ್ಟಿ ಕೊಟ್ಟರೆ ‘ಮೊದಲು ಇದು, ಆಮೇಲೆ ಅದು’ ಎಂಬ ಆಟಕ್ಕೆ ಎಡೆ ಕಡಿಮೆ. ಮಂಜೂರಾತಿ ಜಮೀನು ಬೇರೆಯವರ ಕೈಯಲ್ಲಿದ್ದರೆ ಆ ವರ್ಗಾವಣೆ ಅನೂರ್ಜಿತ ಎಂದೇ ಕಾಯಿದೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು.

ಸಂಜೆ ಬಸ್ಸು ಹೊರಡುತ್ತದೆ. ಚೀಲ ಮತ್ತೆ ಕಂಕುಳಿಗೆ. ‘ಮುಂದಿನ ವಾಯ್ದೆ ಯಾವಾಗ?’ ಎಂದು ಪಕ್ಕದವರು ಕೇಳುತ್ತಾರೆ. ‘ಹೊಲದ್ದಾ? ಅದಿನ್ನೂ ಬಂದಿಲ್ಲ ಕಣಪ್ಪ. ಇದು ಬರೀ ಬಾಗಿಲದ್ದು.’