ಮುಂಬಯಿಯ ಹವೆ ಮತ್ತು ಉಕ್ಕಿನ ತಾತ್ಕಾಲಿಕ ರಕ್ಷಣೆ

ಉಕ್ಕಿಗೆ ತುಕ್ಕು ಹಿಡಿಸುವುದು ಮಳೆಯೆಂದು ಸಾಮಾನ್ಯವಾದ ನಂಬಿಕೆ. ಮುಂಬಯಿಯ ಮಟ್ಟಿಗೆ ಇದು ಅರ್ಧಸತ್ಯ. ನವೆಂಬರಿನಿಂದ ಮೇ ತಿಂಗಳವರೆಗೆ ಇಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಆದರೆ ಕಡಲಗಾಳಿ ಹೊತ್ತು ತರುವ ಉಪ್ಪಿನ ಸೂಕ್ಷ್ಮಕಣಗಳು ಆ ಕಾಲದಲ್ಲೆಲ್ಲ ಲೋಹದ ಮೇಲೆ ಕೂಡುತ್ತ ಹೋಗುತ್ತವೆ. ಉಪ್ಪು ಗಾಳಿಯ ತೇವವನ್ನು ಹೀರಿ ತಾನೇ ದ್ರವವಾಗುವಂಥದು. ಆದಕಾರಣ ಹನಿ ಮಳೆ ಬೀಳದಿದ್ದರೂ ಇರುಳಿನಲ್ಲಿ ಉಕ್ಕಿನ ಮೇಲೆ ಉಪ್ಪುನೀರಿನ ತೆಳುಪೊರೆ ಹಬ್ಬಿ, ಆಮ್ಲಜನಕದ ನೆರವಿನಿಂದ ತುಕ್ಕು ಮೊದಲಾಗುತ್ತದೆ. ಮಳೆ ತೊಳೆಯುವ ಮೇಲ್ಭಾಗಕ್ಕಿಂತ ಮಳೆ ತಾಗದ ಅಡಿಭಾಗವೇ ಎಷ್ಟೋ ವೇಳೆ ಹೆಚ್ಚು ಕೆಡುವುದು ಇದರಿಂದಲೇ. 1954–55ರಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು ಬಂದ ಟ್ರಾಂಬೆ ಭಾಗದಲ್ಲಿ ಉಪ್ಪಿನೊಡನೆ ಗಂಧಕದ ಅನಿಲವೂ ಸೇರಿತು.

ಕೊಡಚಾದ್ರಿಯ ಕಬ್ಬಿಣದ ಕಂಬ ಘಟ್ಟದ ಮಳೆಯಲ್ಲಿ ಬಹುಕಾಲ ನಿಂತಿಲ್ಲವೇ ಎಂದು ಕೇಳುವವರುಂಟು. ಹಳೆಯ ಕುಲುಮೆಯ ಕಬ್ಬಿಣದ ಗುಣ ಬೇರೆ, ಇಂದಿನ ಯಂತ್ರದ ಉಕ್ಕಿನದು ಬೇರೆ.

ಸೇತುವೆಯ ತೊಲೆಗೆ ಬಣ್ಣ ಬಳಿದರಾಯಿತು. ಆದರೆ 1914ರಲ್ಲಿ ಅಲೆಕ್ಸಾಂಡ್ರಾ ಎಂಬ ಹೆಸರಿನಿಂದ ತೆರೆದ, ಈಗಿನ ಇಂದಿರಾ ಡಾಕಿನಂತಹ ಕಡೆ ಇಳಿದು, ಕಟ್ಟಡ ಸಿದ್ಧವಾಗುವವರೆಗೆ ಬಯಲಿನಲ್ಲಿ ಕಾಯುವ ಯಂತ್ರದ ಪಾಡೇನು? ಅದರ ದಂಡ, ಹಲ್ಲುಚಕ್ರ, ಬೇರಿಂಗ್ ಕೂರುವ ಮುಖ ಇವೆಲ್ಲ ಮಿಲಿಮೀಟರಿನ ಶತಾಂಶದ ಅಳತೆಗೆ ಕಡೆದವು. ಬಣ್ಣ ಬಳಿದರೆ ಅಳತೆ ತಪ್ಪುತ್ತದೆ. ಬರಿದೇ ಬಿಟ್ಟರೆ ತುಕ್ಕು ಗುಳಿ ಕೊರೆದು, ಇಡೀ ಭಾಗವನ್ನೇ ಎಸೆಯಬೇಕಾಗುತ್ತದೆ. ಬೇಕಾದಾಗ ಸೀಮೆಎಣ್ಣೆಯಿಂದ ಒರೆಸಿ ತೆಗೆಯಬಹುದಾದ ತಾತ್ಕಾಲಿಕ ಲೇಪಕ್ಕೆ ಇಲ್ಲಿ ಸ್ಥಾನ.

ತೆಳುವಾದ ರಕ್ಷಕ ತೈಲ ಸೂರಿನಡಿಯಲ್ಲಿ ಕೆಲವು ವಾರಗಳಿಗೆ ಸಾಕು; ಬಯಲಿಗೆ ಸಾಲದು. ದ್ರಾವಕದಲ್ಲಿ ಕರಗಿಸಿದ ಮೇಣವನ್ನೋ ಡಾಂಬರನ್ನೋ ಬಳಿದರೆ ದ್ರಾವಕ ಆರಿ ಗಟ್ಟಿ ಪೊರೆ ಉಳಿಯುತ್ತದೆ. ಪೆಟ್ರೋಲಿಯಂ ಜಿಡ್ಡು ಹಾಗೂ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೋಲಿನ್ ಇನ್ನೂ ದಪ್ಪನಾದ ಹೊದಿಕೆಗಳು. ಎಂಜಿನ್ನಿನಿಂದ ಬಸಿದ ಹಳೆಯ ಎಣ್ಣೆಯನ್ನು ಬಳಿಯುವ ಅಭ್ಯಾಸ ಮಾತ್ರ ಸಲ್ಲದು. ಅದರಲ್ಲಿ ಉರಿತದಿಂದ ಹುಟ್ಟಿದ ಆಮ್ಲಗಳು ಸೇರಿರುತ್ತವೆ. ಉಳಿಸಹೊರಟ ಉಕ್ಕನ್ನು ಅದೇ ಕೆಡಿಸಬಹುದು.

ಲೇಪಕ್ಕಿಂತ ಮೊದಲಿನ ಶುದ್ಧಿಯೇ ಮುಖ್ಯವೆಂದು ನನ್ನ ಎಣಿಕೆ. ಬೆರಳಿನ ಬೆವರಿನಲ್ಲಿಯೂ ಉಪ್ಪುಂಟು. ಉಪ್ಪಿನ ಮೇಲೆಯೇ ಬಳಿದರೆ ತುಕ್ಕು ಒಳಗೇ ಬೆಳೆದು, ಉಬ್ಬಿ, ಪೊರೆಯನ್ನು ಎತ್ತಿಹಾಕುತ್ತದೆ. ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಇರುಳ ತೇವ ಕೂಡುವ ಮೊದಲೇ ಅಂದಂದೇ ಬಳಿಯಬೇಕು. ಬಳಿಕ ಯಂತ್ರವನ್ನು ಮರದ ದಿಮ್ಮಿಗಳ ಮೇಲೆ, ನೀರು ನಿಲ್ಲದಂತೆ ಇಡುವುದು. ತಾಡಪಾಲನ್ನು ಬಿಗಿಯಾಗಿ ಸುತ್ತಿದರೆ ಒಳಗಿನ ಆವಿ ಅಲ್ಲಿಯೇ ಬೆವರಾಗಿ ಇಳಿಯುತ್ತದೆ. ಗಾಳಿಯಾಡಲು ಕೆಳಗೆ ತೆರಪಿರಲಿ. ಮೇ ತಿಂಗಳ ಕೊನೆಗೆ ಒಮ್ಮೆ ಹೊದಿಕೆ ತೆಗೆದು, ಅಡಿಭಾಗವನ್ನೂ ಪರೀಕ್ಷಿಸಿ, ಪೊರೆ ಹರಿದ ಕಡೆ ಮತ್ತೆ ಬಳಿಯತಕ್ಕದ್ದು.