ಕೊಲೆಯ ಆರೋಪ ಹೊತ್ತ ದೇವತೆ

ಬೂದಿಯನ್ನುಗುಳುವ ಕೆಂಪು ಪರ್ವತವೊಂದನ್ನು ನಡುವಿನಲ್ಲಿಟ್ಟುಕೊಂಡ ದ್ವೀಪ, ಅದರ ಸುತ್ತ ನೆಲಸಿದ ಜನರು ಕಣ್ಣೆದುರಿಗೇ ಕಂಡು ಪೂಜಿಸುವ ಮೂವರು ಸಜೀವ ದೇವತೆಗಳು, ಆ ದೇವತೆಗಳ ಹಿಂದಣ ಬಾಳಿನಲ್ಲಿ ಅಡಗಿರುವ ಒಂದು ಸಂದೇಹಾಸ್ಪದವಾದ ಮರಣ—ಇವಿಷ್ಟನ್ನು ಹೂರಣವಾಗಿ ಮಾಡಿಕೊಂಡು ಅಮೆರಿಕದ ಬೆಥೆಸ್ಡಾ ಸಂಸ್ಥೆಯು 2002ರಲ್ಲಿ ಹೊರತಂದ ‘ಮೊರೊವಿಂಡ್’ ಎಂಬ ಕಂಪ್ಯೂಟರ್ ಆಟವು, ತನ್ನ ಅಭಿಮಾನಿಗಳನ್ನು ಎರಡು ದಶಕಗಳಿಗೂ ಮೀರಿ ಒಂದು ಪ್ರಶ್ನೆಯ ಸುತ್ತ ಹಿಡಿದು ನಿಲ್ಲಿಸಿದೆ: ನೆರೆವಾರನನ್ನು ಕೊಂದವರು ಯಾರು?

ಪುರಾಣದ ಸ್ಥೂಲರೂಪವಿದು. ಪರ್ವತದ ಗರ್ಭದಲ್ಲಿ, ಸೃಷ್ಟಿಯ ಆದಿಯಲ್ಲಿ ಹತನಾದ ಲಾರ್ಖಾನನೆಂಬ ದೇವತೆಯ ಹೃದಯವು ಹುದುಗಿತ್ತು. ಯಂತ್ರವಿದ್ಯೆಯಲ್ಲಿ ಅಸಮಾನರೂ ದೈವಭಕ್ತಿಯಿಂದ ದೂರರೂ ಆದ ಡ್ವೆಮರರು ಅದನ್ನು ಕಂಡುಕೊಂಡರು. ಅವರ ಶಿಲ್ಪಿಶ್ರೇಷ್ಠನಾದ ಕಗ್ರೆನಾಕನು ಅದರ ಶಕ್ತಿಯನ್ನು ಹೊರಸೆಳೆಯುವುದಕ್ಕೆಂದು ಒಂದು ಸುತ್ತಿಗೆ, ಒಂದು ಕಠಾರಿ, ಒಂದು ಕೈಗವಸು—ಈ ಮೂರು ಉಪಕರಣಗಳನ್ನು ನಿರ್ಮಿಸಿದನು. ನೆರೆಯ ಎಲ್ಫರ ನಾಯಕನಾದ ನೆರೆವಾರನು ಈ ಅಕೃತ್ಯವನ್ನು ತಡೆಯಲು ಯುದ್ಧಕ್ಕೆ ಹೊರಟನು. ಯುದ್ಧದ ಅಂತ್ಯದಲ್ಲಿ ಡ್ವೆಮರ್ ಕುಲವೆಲ್ಲವೂ ಒಂದೇ ಕ್ಷಣದಲ್ಲಿ ಅದೃಶ್ಯವಾಯಿತು, ನೆರೆವಾರನು ಮೃತನಾದನು, ಅವನ ಪತ್ನಿ ಅಲ್ಮಲೆಕ್ಸಿಯಾ, ಮಂತ್ರಜ್ಞನಾದ ಸೋಥಾ ಸಿಲ್, ಕವಿಯೂ ಯೋಧನೂ ಆದ ವಿವೆಕ್—ಈ ಮೂವರು ಆಪ್ತರು ಮುಂದೆ ಅದೇ ಹೃದಯದ ಬಲದಿಂದ ದೇವತ್ವವನ್ನು ಪಡೆದರು.

ಇದರಲ್ಲಿ ಏನು ನಡೆಯಿತೆಂಬುದನ್ನು ಆಟವು ತನ್ನ ಸ್ವಂತ ಬಾಯಿಂದ ಎಲ್ಲಿಯೂ ಹೇಳುವುದಿಲ್ಲ. ಅದು ಆಟಗಾರನ ಕೈಗೆ ಪುಸ್ತಕಗಳನ್ನು ಕೊಡುತ್ತದೆ. ಪ್ರತಿಯೊಂದು ಪುಸ್ತಕಕ್ಕೂ ಒಬ್ಬ ಕರ್ತೃವಿರುತ್ತಾನೆ, ಪ್ರತಿಯೊಬ್ಬ ಕರ್ತೃವಿಗೂ ತನ್ನದೇ ಆದ ಪಕ್ಷವಿರುತ್ತದೆ. ವಿವೆಕನು ಬರೆದಿಟ್ಟ ವೃತ್ತಾಂತದಂತೆ ನೆರೆವಾರನು ಯುದ್ಧದ ಗಾಯಗಳಿಂದ ತೀರಿಕೊಂಡನು. ಬೂದಿನೆಲದಲ್ಲಿ ಅಲೆಯುವ ಆಶ್‌ಲ್ಯಾಂಡರ್ ಬುಡಕಟ್ಟಿನವರು, ನೆರೆವಾರನ ಸಂಗಡಿಗನಾಗಿದ್ದ ಅಲಾಂಡ್ರೋ ಸುಲ್ ಎಂಬುವನಿಂದ ಬಂದುದೆಂದು ಕಾಪಾಡಿಕೊಂಡಿರುವ ಐತಿಹ್ಯವು ಬೇರೆಯೇ ಮಾತನ್ನು ಹೇಳುತ್ತದೆ: ವಿಷ ಬೆರೆಸಿದ ಮೇಣದಬತ್ತಿ, ವಿಷ ಸವರಿದ ಉಡುಪು, ವಿಷಪೂರಿತವಾದ ಮಂತ್ರ—ಇವುಗಳಿಂದ ಆ ಮೂವರೇ ತಮ್ಮ ಒಡೆಯನನ್ನು ಕೊಂದರು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಆ ಉಪಕರಣಗಳನ್ನು ಎಂದಿಗೂ ಬಳಸುವುದಿಲ್ಲವೆಂದು ನೆರೆವಾರನೆದುರು ಮಾಡಿದ ಪ್ರತಿಜ್ಞೆಯನ್ನು ತಾವು ಮುರಿದುದಾಗಿ ವಿವೆಕನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಚಿಕ್ಕ ಅಪರಾಧವನ್ನು ಒಪ್ಪಿಕೊಂಡು ದೊಡ್ಡದನ್ನು ಅಲ್ಲಗಳೆಯುವ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದು? ಅಭಿಮಾನಿಗಳ ವಾದವು ಬಿಸಿಯೇರುವುದು ಇಲ್ಲಿಯೇ.

ಅವರ ಪರಿಶ್ರಮದ ಪರಾಕಾಷ್ಠೆಯನ್ನು ಕಾಣಬೇಕಾದರೆ ‘ವಿವೆಕನ 36 ಉಪದೇಶಗಳು’ ಎಂಬ ಗ್ರಂಥಸಮೂಹದತ್ತ ತಿರುಗಬೇಕು. ಮೈಕೆಲ್ ಕರ್ಕ್‌ಬ್ರೈಡ್ ಎಂಬ ಲೇಖಕರು ಆಟಕ್ಕಾಗಿ ರಚಿಸಿದ ಈ ಉಪದೇಶಗಳು ವಿವೆಕನೇ ತನ್ನ ಮಹಿಮೆಯನ್ನು ತಾನು ಹಾಡಿಕೊಂಡ ರೂಪದಲ್ಲಿದ್ದು, ದ್ವೀಪದ ಉದ್ದಗಲಕ್ಕೂ ಬಿಡಿಬಿಡಿಯಾಗಿ ಚೆದುರಿವೆ; ಮೊದಲ ಓದಿಗೆ ಒಗಟಿನಂತೆ, ಉನ್ಮತ್ತಪ್ರಲಾಪದಂತೆ ತೋರುತ್ತವೆ. ಇವುಗಳಲ್ಲಿ 29ನೆಯದು ಕೆಲವು ಸಂಖ್ಯೆಗಳನ್ನು ಸಾಲಾಗಿ ಹೇಳುತ್ತದೆ. ಒಂದೊಂದು ಸಂಖ್ಯೆಯನ್ನೂ ಒಂದೊಂದು ಉಪದೇಶಕ್ಕೆ ಹೊಂದಿಸಿ, ಆ ಉಪದೇಶದಲ್ಲಿ ಅಷ್ಟನೆಯ ಪದವನ್ನು ಎಣಿಸಿ ತೆಗೆದು, ಹೀಗೆ ತೆಗೆದ ಪದಗಳನ್ನು ಅನುಕ್ರಮವಾಗಿ ಜೋಡಿಸಿದ ಓದುಗರ ಮುಂದೆ ಒಂದು ತಪ್ಪೊಪ್ಪಿಗೆಯು ತೆರೆದುಕೊಂಡಿತು: ಇವನು ಹುಟ್ಟಿನಿಂದ ದೇವನಲ್ಲವೆಂದೂ, ವಿಧಿಯು ಇವನನ್ನು ಅಪರಾಧಕ್ಕೆ ನೂಕಲಿಲ್ಲವೆಂದೂ, ಸ್ವೇಚ್ಛೆಯಿಂದಲೇ ದೈವತ್ವವನ್ನು ಕದ್ದು ನಾಯಕನನ್ನು ಕೊಂದನೆಂದೂ, ಇದನ್ನು ಬರೆದವನು ವಿವೆಕನೇ ಎಂದೂ ಅದರ ತಾತ್ಪರ್ಯ. ಸ್ತೋತ್ರದ ಒಡಲಿನಲ್ಲಿ ಸ್ತುತ್ಯನ ಪಾತಕವನ್ನು ಹೀಗೆ ಹೂತಿಟ್ಟ ರಚನಾಕೌಶಲವನ್ನು ನಾನು ನಿಜವಾದ ಸಾಹಿತ್ಯಗುಣವೆಂದೇ ಎಣಿಸುತ್ತೇನೆ. ಪದಗಳನ್ನೆಣಿಸುತ್ತ ಅದನ್ನು ಹೊರತೆಗೆದವರ ತಾಳ್ಮೆಗೂ ಅಷ್ಟೇ ಗೌರವವು ಸಲ್ಲಬೇಕು.

ಡ್ವೆಮರರು ಎಲ್ಲಿಗೆ ಹೋದರೆಂಬುದು ಎರಡನೆಯ ಜಿಜ್ಞಾಸೆ. ಅವರು ದೇವತ್ವಕ್ಕೇರಿದರೆಂದು ಕೆಲವರು, ನಿರ್ಮೂಲರಾದರೆಂದು ಕೆಲವರು, ಅವರು ಕಟ್ಟುತ್ತಿದ್ದ ಮಹಾಯಂತ್ರಪುರುಷನ ಮೈಯಲ್ಲಿಯೇ ಲೀನವಾದರೆಂದು ಮತ್ತೆ ಕೆಲವರು ತರ್ಕಿಸುತ್ತಾರೆ. ಆ ಕುಲದಲ್ಲಿ ಉಳಿದವನಾಗಿ ಆಟದಲ್ಲಿ ಕಾಣಸಿಗುವವನು ಯಾಗ್ರಮ್ ಬಗಾರ್ನ್ ಒಬ್ಬನೇ. ಒಬ್ಬ ಮಾಂತ್ರಿಕನ ಗೋಪುರದ ಅಡಿಯ ಗುಹೆಯಲ್ಲಿ, ದಿವ್ಯವ್ಯಾಧಿಯೊಂದರಿಂದ ದೇಹವೆಲ್ಲ ಊದಿಕೊಂಡು, ಜೇಡನ ಕಾಲುಗಳಂತಹ ಯಂತ್ರದ ಕಾಲುಗಳ ಮೇಲೆ ಕುಳಿತಿರುವ ಇವನು, ಆ ಗಳಿಗೆಯಲ್ಲಿ ತಾನು ಬೇರೊಂದು ಲೋಕದಲ್ಲಿದ್ದುದಾಗಿಯೂ ಹಿಂದಿರುಗಿ ಬಂದಾಗ ತನ್ನವರಾರೂ ಇರಲಿಲ್ಲವೆಂದೂ ಹೇಳುತ್ತಾನೆ. ಕಾರಣವನ್ನು ಅವನೂ ಖಚಿತವಾಗಿ ಅರಿಯನು. ಇದೇ ಮಾಲಿಕೆಯಲ್ಲಿ ಮುಂದೆ ಬಂದ 2011ರ ‘ಸ್ಕೈರಿಮ್’ ಎಂಬ ಆಟದಲ್ಲಿ ಆರ್ನಿಯಲ್ ಗೇನ್ ಎಂಬ ವಿದ್ವಾಂಸನು ಕಗ್ರೆನಾಕನ ಕಠಾರಿಯನ್ನು ತರಿಸಿಕೊಂಡು, ಅದರಿಂದ ಒಂದು ಮಂತ್ರಶಿಲೆಯನ್ನು ಹೊಡೆಯುತ್ತ ಹೊಡೆಯುತ್ತ ಆಟಗಾರನ ಕಣ್ಣೆದುರಿಗೇ ಮಾಯವಾಗುತ್ತಾನೆ. ಬಳಿಕ ಅವನ ಛಾಯೆಯನ್ನು ಕರೆಯುವ ಮಂತ್ರವು ಆಟಗಾರನಿಗೆ ಲಭಿಸುತ್ತದೆ. ಕರೆದರೆ ಬರುವ ಛಾಯೆಯಿರುವಾಗ ಸಂಪೂರ್ಣ ವಿನಾಶದ ವಾದವು ನಿಲ್ಲಲಾರದೆಂದು ನನಗೆ ತೋರುತ್ತದೆ.

ಆಟದ ಕರ್ತೃಗಳು ತಮ್ಮ ತೊಡಕನ್ನೂ ಪುರಾಣವಾಗಿಸಿಕೊಂಡುದು ಉಂಟು. ಇದೇ ಮಾಲಿಕೆಯಲ್ಲಿ ಮೊದಲು ಬಂದ 1996ರ ‘ಡ್ಯಾಗರ್‌ಫಾಲ್’ ಆಟಕ್ಕೆ ಪರಸ್ಪರವಿರುದ್ಧವಾದ ಹಲವು ಮುಕ್ತಾಯಗಳಿದ್ದುವು. ಕಾಲದೇವತೆಯಾದ ಡ್ರ್ಯಾಗನ್ ಭಗ್ನವಾದುದರಿಂದ ಅವೆಲ್ಲವೂ ಏಕಕಾಲದಲ್ಲಿ ನಡೆದುವೆಂದು ಮುಂದಿನ ಆಟಗಳು ಸಾಧಿಸಿದುವು. ಇನ್ನು ಕರ್ಕ್‌ಬ್ರೈಡ್ ಅವರು ಸಂಸ್ಥೆಯನ್ನು ಬಿಟ್ಟ ಮೇಲೆಯೂ ಈ ಲೋಕವನ್ನು ಕುರಿತು ಬರೆದುದನ್ನು ಪ್ರಮಾಣವೆನ್ನಬೇಕೋ ಪ್ರಕ್ಷಿಪ್ತವೆನ್ನಬೇಕೋ ಎಂಬುದು ಅಭಿಮಾನಿಗಳಲ್ಲಿ ಮುಗಿಯದ ವ್ಯಾಜ್ಯ. ವಿವೆಕನ ಮೊಕದ್ದಮೆಗೆ ಆ ಹೊರಗಿನ ಬರಹಗಳ ಅಗತ್ಯವಿಲ್ಲವೆಂದು ನನ್ನ ಮತ. ಆಟದೊಳಗಿನ ಪುಟಗಳೇ ಅವನನ್ನು ಅಪರಾಧಿಯೆಂದು ನಿರ್ಣಯಿಸಲು ಸಾಕಾದಷ್ಟಿವೆ.

ಆ ನಿರ್ಣಯವು ಬರಿಯ ಪಾಂಡಿತ್ಯದ ಮಾತಲ್ಲ. ಆಟಗಾರನು ವಹಿಸುವ ಪಾತ್ರವು ಪುನರ್ಜನ್ಮವೆತ್ತಿದ ನೆರೆವಾರನದೆಂದು ಕಥೆಯು ಸೂಚಿಸುತ್ತದೆ. ಆದುದರಿಂದ ಕೊನೆಯ ಘಟ್ಟದಲ್ಲಿ ಪರ್ವತದೊಳಗೆ ನೆಲಸಿರುವ ಶತ್ರುವೊಬ್ಬನನ್ನು ಗೆಲ್ಲಲು ಬೇಕಾದ ಕಗ್ರೆನಾಕನ ಕೈಗವಸನ್ನು ಪಡೆಯಲೆಂದು ವಿವೆಕನ ಸನ್ನಿಧಿಗೆ ಬಂದು ನಿಲ್ಲುವವನು, ಕೊಲೆಯಾದವನೇ ಇದ್ದರೂ ಇರಬಹುದು. ಅವನು ಆ ಕೊಡುಗೆಯನ್ನು ಸ್ವೀಕರಿಸಬಹುದು, ಇಲ್ಲವೇ ಅಲ್ಲಿಯೇ ವಿವೆಕನನ್ನು ಕೊಲ್ಲಬಹುದು. ಆಟವು ಎರಡಕ್ಕೂ ಎಡೆಗೊಟ್ಟಿದೆ. ಕೊಂದರೂ ಕಥೆಯ ದಾರಿ ಮುಚ್ಚಿಹೋಗುವುದಿಲ್ಲ: ಶವದ ಬಳಿ ದೊರೆತ ಕೈಗವಸನ್ನು ಯಾಗ್ರಮ್ ಬಗಾರ್ನನ ಗುಹೆಗೆ ಒಯ್ದರೆ, ತನ್ನ ಕುಲದ ಶಿಲ್ಪಿಯು ಮಾಡಿದ ಆ ವಸ್ತುವನ್ನು ಆತನು ಬಳಕೆಗೆ ಬರುವಂತೆ ಸರಿಪಡಿಸಿ ಕೊಡುತ್ತಾನೆ. ಆದರೆ ಹಾಗೆ ಪಡೆದ ಕೈಗವಸನ್ನು ಧರಿಸಿದವನು ತನ್ನ ಆಯುರ್ಬಲದ ಒಂದು ಪಾಲನ್ನು ಮರಳಿ ಬಾರದಂತೆ ಕಳೆದುಕೊಳ್ಳಬೇಕಾಗುತ್ತದೆ.