‘ಅವನ ಉಪ್ಪನೂ ಲೇಟಾಗಿಯೇ ಮಾತಾಡಿದ್ದು’

ಎರಡು ವರ್ಷ ದಾಟಿದ ಮಗು ಇನ್ನೂ ‘ಉಮ್ಮಾ’ ಎನ್ನದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಸಿಗುವ ಸಮಾಧಾನ ಇದು. ಆಮೇಲೆ ಬರುವುದು ‘ಗಂಡು ಮಕ್ಕಳು ಹಾಗೇ, ನಿಧಾನ’. ಘಟ್ಟ ಹತ್ತಿ ಬಂದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ನೆಲೆಸಿದವರ ಮನೆಯಾದರೆ ಮೂರನೆಯದೂ ಒಂದಿದೆ: ‘ಮನೇಲಿ ಬ್ಯಾರಿ, ಪಕ್ಕದ ಮನೇಲಿ ಉರ್ದು, ಅಂಗನವಾಡೀಲಿ ಕನ್ನಡ, ಪಾವಗಡದ ಬೀದಿಯಲ್ಲಿ ತೆಲುಗು. ಪಾಪ, ಮಗುವಿಗೆ ಗಲಿಬಿಲಿ.’

ಈ ಮೂರನೆಯ ಮಾತನ್ನು ನಂಬಿ ವರ್ಷಗಟ್ಟಲೆ ಕಾಯಬೇಡಿ. ಹಲವು ಭಾಷೆ ಕೇಳುವ ಮಗು ಪದಗಳನ್ನು ಬೆರೆಸಬಹುದು, ಅಷ್ಟೇ. ಅದರಿಂದ ಆಟಿಸಂ ಬರುವುದಿಲ್ಲ, ಬುದ್ಧಿ ಕುಂದುವುದಿಲ್ಲ. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಿ. ಒಂದೂಕಾಲು ವರ್ಷ ದಾಟಿದರೂ ಒಂದೂ ಪದ ಇಲ್ಲ, ಎರಡು ವರ್ಷಕ್ಕೆ ‘ಹಾಲು ಬೇಕು’ ಎಂಬಂತೆ ಎರಡು ಪದ ಕೂಡಿಸುತ್ತಿಲ್ಲ ಎಂದಾದರೆ ತೋರಿಸಬೇಕು. ಬರುತ್ತಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸಿನಲ್ಲಾದರೂ ತಡಮಾಡಬಾರದು.

ಮಾತಿಗಿಂತ ಮೊದಲೇ ಗಮನಿಸುವ ಸಂಗತಿಗಳಿವೆ. ಹೆಸರು ಕರೆದರೆ ತಿರುಗುತ್ತದೆಯೇ? ಕಣ್ಣಲ್ಲಿ ಕಣ್ಣಿಟ್ಟು ನಗುತ್ತದೆಯೇ? ಕಾಗೆಯನ್ನೋ ಬಸ್ಸನ್ನೋ ಬೆರಳು ತೋರಿಸಿ, ನೀವೂ ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತದೆಯೇ? ಒಂದೂವರೆ ವರ್ಷಕ್ಕೂ ಇವು ಇಲ್ಲದಿದ್ದರೆ, ಕೇವಲ ಕಾರಿನ ಚಕ್ರ ತಿರುಗಿಸುತ್ತಾ ಕೂತಿದ್ದರೆ, ಆಟಿಸಂ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಕೇಳಿಸದ ಮಗುವೂ ಮಾತಾಡುವುದಿಲ್ಲವಲ್ಲ!

ಶಾಲೆಗೆ ಹೋಗುವ ವಯಸ್ಸಿನಲ್ಲಿ ತೊಂದರೆಗೆ ಬೇರೆ ಹೆಸರು ಬೀಳುತ್ತದೆ: ತುಂಟ, ಸೋಮಾರಿ, ದಡ್ಡ. ಮದ್ರಸದಲ್ಲಿ ಕೇಳಿದ್ದನ್ನು ಸೊಗಸಾಗಿ ಬಾಯಿಪಾಠ ಒಪ್ಪಿಸುವ ಹುಡುಗ ಮೂರನೇ ಕ್ಲಾಸಿನಲ್ಲೂ ಎರಡು ಸಾಲು ಓದಲು ಒದ್ದಾಡಿದರೆ ಅದು ಕಲಿಕಾ ನ್ಯೂನತೆ ಇರಬಹುದು. ಬೆತ್ತಕ್ಕೆ ಅದು ಹೋಗುವುದಿಲ್ಲ. ಅತಿ ಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಎನ್ನಲು ಮನೆ, ಶಾಲೆ ಎರಡೂ ಕಡೆ ಆರು ತಿಂಗಳಾದರೂ ಹಾಗೇ ಇರಬೇಕು. ಹನ್ನೆರಡು ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು. ಸುಮ್ಮನೆ ಕೂತು ಕನಸು ಕಾಣುವ ಹೆಣ್ಣುಮಕ್ಕಳಲ್ಲೂ ಇದು ಇರುತ್ತದೆ, ಯಾರಿಗೂ ಉಪದ್ರವಿಲ್ಲದ ಕಾರಣ ತಿಳಿಯುವುದಿಲ್ಲ. ಶಾಲೆಯ ದಿನ ಹೊಟ್ಟೆನೋವು, ರಜೆಯ ದಿನ ಆರಾಮ ಎಂದಾದರೆ, ಹೊಟ್ಟೆಯ ಜೊತೆಗೆ ಶಾಲೆಯ ವಿಷಯವನ್ನೂ ಮೆಲ್ಲಗೆ ಕೇಳಿ.

ಆಟಿಸಂ, ಎಡಿಎಚ್‌ಡಿಗಳನ್ನು ಹೇಳುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ಮಗುವನ್ನು ಆಡಿಸಿ ನೋಡುತ್ತಾರೆ, ಹೆರಿಗೆಯಿಂದ ಹಿಡಿದು ಎಲ್ಲವನ್ನೂ ಕೇಳುತ್ತಾರೆ. ಆದ್ದರಿಂದ ಮಗುವನ್ನು ಚೆನ್ನಾಗಿ ಬಲ್ಲವರು ಜೊತೆಗಿರಬೇಕು. ಉಪ್ಪ ಗಲ್ಫಿನಲ್ಲಿದ್ದರೆ ಅಜ್ಜಿಯನ್ನು ಕರೆದೊಯ್ಯಿರಿ. ಮನೆಯಲ್ಲಿ ಆಡುವಾಗಿನ ಮೊಬೈಲ್ ವಿಡಿಯೊ, ಶಾಲೆಯ ನೋಟ್‌ಬುಕ್ ಸಹಾಯಕ್ಕೆ ಬರುತ್ತವೆ. ನೂಲು ಕಟ್ಟಿಸಿದ್ದರೆ ಅದನ್ನೂ ಮುಚ್ಚಿಡಬೇಕಿಲ್ಲ.

ಎಲ್ಲಿಗೆ ಹೋಗುವುದು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ಕೇಳಿಕೊಳ್ಳಿ. ಹೆಚ್ಚಿನ ಪರೀಕ್ಷೆಗೆ ತುಮಕೂರು ಜಿಲ್ಲಾಸ್ಪತ್ರೆ, ಅದಕ್ಕೂ ಮೀರಿದರೆ ಬೆಂಗಳೂರಿನ ನಿಮ್ಹಾನ್ಸ್. ಮಾತು, ಕಿವಿಯ ವಿಷಯಕ್ಕೆ 1965ರಿಂದ ಮೈಸೂರಿನಲ್ಲಿರುವ ವಾಕ್ ಶ್ರವಣ ಸಂಸ್ಥೆ ಇದೆ. ಇಲ್ಲೊಂದು ತಮಾಷೆ: ಆಸ್ಪತ್ರೆಗೆ ನಮ್ಮದು ತುಮಕೂರು ಜಿಲ್ಲೆ, ಶಾಲೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹಾಗಾಗಿ ಪರೀಕ್ಷೆಯ ಹೆಚ್ಚುವರಿ ಸಮಯದಂಥ ಸೌಲಭ್ಯಕ್ಕೆ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಬೇಕು.

ಇಷ್ಟೆಲ್ಲ ಗೊತ್ತಿದ್ದೂ ಹಿಂಜರಿಯುವವರಿದ್ದಾರೆ. ‘ಚೀಟಿ ಬರೆಸಿದರೆ ನಾಳೆ ಇವನ ತಂಗಿಗೆ ಸಂಬಂಧ ಬರುವುದು ಹೇಗೆ?’ ಈ ಭಯ ಸುಳ್ಳಲ್ಲ, ನಾವೇ ಬೆಳೆಸಿದ್ದು. ಆದರೆ ಮೂರು ವರ್ಷದಲ್ಲಿ ಶುರುವಾಗಬೇಕಾದ ಮಾತಿನ ತರಬೇತಿ ಎಂಟಕ್ಕೆ ಶುರುವಾದರೆ ನಷ್ಟ ಆಗುವುದು ಆ ಹುಡುಗನಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಎರಡೂ ಸೇರಿವೆ. ಸೌಲಭ್ಯ ಕೇಳಲು ಬೇಕಾಗುವುದು ಅದೇ ಚೀಟಿ.

ಪಾವಗಡದಿಂದ ತುಮಕೂರಿಗೆ ಹೋಗಿಬರಲು ಒಂದು ದಿನದ ಅಂಗಡಿ ಮುಚ್ಚಬೇಕು. ಹೊರಡುವ ಮೊದಲು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.